ಟರಂಟುಲಾ ಸಾಕುವವರ ಕಾಲಮಾನ

ಜೇಡ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸಿನಲ್ಲಿ ಬಲೆಯ ಚಿತ್ರವೂ ಜೊತೆಗೇ ಮೂಡುತ್ತದೆ. ನೇಯುವವರನ್ನು ಜೇಡರೆಂದು ಕರೆದು, ಜೇಡರ ದಾಸಿಮಯ್ಯನ ಹೆಸರಿನಲ್ಲಿ ಆ ಕಸುಬಿನ ಗುರುತನ್ನು ಇಂದಿಗೂ ಉಳಿಸಿಕೊಂಡಿರುವ ಭಾಷೆಗೆ ಅದು ಸಹಜವೇ. ಆದರೆ ಜೇಡಗಳಲ್ಲೆಲ್ಲ ದೊಡ್ಡದಾದ, ಮೈತುಂಬ ರೋಮವಿರುವ, ಲೋಕವೆಲ್ಲ ಟರಂಟುಲಾ ಎಂದು ಕರೆಯುವ ಗುಂಪು ಬೇಟೆಗಾಗಿ ಚಕ್ರದಂಥ ಬಲೆಯನ್ನು ಹೆಣೆಯುವುದಿಲ್ಲ. ಬಿಲದ ಗೋಡೆಗೆ ಒಳಪದರ ಹಾಸಲು, ಪೊರೆ ಬಿಡುವಾಗ ಮೈಯೊಡ್ಡಲು, ಮೊಟ್ಟೆಗಳನ್ನು ಸುತ್ತಿಡಲು ಅದು ನೂಲನ್ನು ಬಳಸುತ್ತದೆಯೇ ಹೊರತು, ಆಹಾರವನ್ನು ಮಾತ್ರ ಬಿಲದ ಬಾಯಲ್ಲಿ ಕಾದು ಕುಳಿತು, ನೆಲದ ಕಂಪನವನ್ನು ಕಾಲಿನ ರೋಮಗಳಿಂದ ಗ್ರಹಿಸಿ, ಮೇಲೆರಗಿ ಹಿಡಿಯುತ್ತದೆ. ಹೀಗೆ ದಿನಗಟ್ಟಲೆ ಕದಲದೆ ಕೂರುವ ಈ ಜೀವಿಯನ್ನು ಯುರೋಪಿನಲ್ಲೂ ಅಮೆರಿಕದಲ್ಲೂ ಸಾವಿರಾರು ಜನ ಮನೆಯೊಳಗೆ ಸಾಕುತ್ತಾರೆ, ಮರಿ ಮಾಡಿಸುತ್ತಾರೆ, ಅದಕ್ಕಾಗಿ ಸಂಘ ಕಟ್ಟುತ್ತಾರೆ, ಸಂತೆ ಸೇರುತ್ತಾರೆ.

ಈ ಹೆಸರು ಬಂದ ದಾರಿ ಸುತ್ತುಬಳಸಿನದು. ದಕ್ಷಿಣ ಇಟಲಿಯ ಟರಾಂಟೊ ಪಟ್ಟಣದ ಸುತ್ತಿನ ಹೊಲಗಳಲ್ಲಿದ್ದ ಒಂದು ಜೇಡಕ್ಕೆ ಮೊದಲು ಟರಂಟುಲಾ ಎಂಬ ಹೆಸರಿತ್ತು. ಅದು ಕಚ್ಚಿದವರು ಮೈ ಸೋಲುವ ತನಕ ಕುಣಿದರೆ ವಿಷ ಇಳಿಯುತ್ತದೆಂಬ ನಂಬಿಕೆ ಅಲ್ಲಿ ಶತಮಾನಗಳ ಕಾಲ ಬೇರೂರಿತ್ತು, ಟರಂಟೆಲ್ಲಾ ಎಂಬ ಕುಣಿತದ ಹೆಸರಿಗೂ ಆ ಊರಿಗೂ ನಂಟಿದೆ. ಅದು ಇಂದಿನ ವರ್ಗೀಕರಣದಲ್ಲಿ ತೋಳಜೇಡಗಳ ಸಾಲಿಗೆ ಸೇರುವ ಬೇರೆಯೇ ಜೀವಿ. ಅಮೆರಿಕ ಖಂಡಗಳಿಗೆ ಹೋದ ಯುರೋಪಿನವರು ಅಲ್ಲಿ ಅಂಗೈಯಗಲದ ಜೇಡಗಳನ್ನು ಕಂಡು, ತಾವು ಬಲ್ಲ ದೊಡ್ಡ ಜೇಡದ ಹೆಸರನ್ನೇ ಅವಕ್ಕೂ ಅಂಟಿಸಿದರು. ಜರ್ಮನರು ಮಾತ್ರ ಇವನ್ನು ಹಕ್ಕಿಜೇಡ ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಸೂರಿನಾಮಿನಲ್ಲಿ ಕೀಟಗಳನ್ನು ಕಂಡು ಚಿತ್ರಿಸಿದ ಮರಿಯಾ ಸಿಬಿಲ್ಲಾ ಮೆರಿಯನ್ 1705ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪುಟ್ಟ ಹಕ್ಕಿಯೊಂದನ್ನು ತಿನ್ನುತ್ತಿರುವ ಜೇಡದ ಚಿತ್ರವಿದ್ದು, 1758ರಲ್ಲಿ ಲಿನೇಯಸ್ ಅಂಥ ಜೇಡಕ್ಕೆ ಹಕ್ಕಿಗೆ ಸಂಬಂಧಿಸಿದ್ದೆಂಬ ಅರ್ಥದ ಅವಿಕ್ಯುಲೇರಿಯಾ ಎಂಬ ಹೆಸರನ್ನೇ ಕೊಟ್ಟನು. ಹಕ್ಕಿಯನ್ನು ತಿನ್ನುವುದು ಈ ಜೇಡಗಳ ಬದುಕಿನಲ್ಲಿ ತೀರ ಅಪರೂಪದ ಸಂಗತಿ, ಆದರೆ ಚಿತ್ರದ ಬಲಕ್ಕೆ ಎದುರಿಲ್ಲ.

ಥೆರಾಫೊಸಿಡೇ ಎಂಬ ಈ ಕುಟುಂಬದಲ್ಲಿ ಸಾವಿರಕ್ಕೂ ಮಿಕ್ಕ ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡದ ವಿಷಹಲ್ಲುಗಳು ಇಕ್ಕಳದಂತೆ ಎದುರುಬದುರಾಗಿ ಕೂಡಿದರೆ, ಇವುಗಳ ವಿಷಹಲ್ಲುಗಳು ಗುದ್ದಲಿಯ ಏಟಿನಂತೆ ಮೇಲಿನಿಂದ ಕೆಳಕ್ಕೆ ಒಟ್ಟೊಟ್ಟಿಗೆ ಇಳಿಯುತ್ತವೆ; ಹಾಳೆ ಜೋಡಿಸಿಟ್ಟಂತೆ ಪದರಗಳಿರುವುದರಿಂದ ಪುಸ್ತಕ ಶ್ವಾಸಕೋಶವೆಂದು ಹೆಸರಾದ ಉಸಿರಾಟದ ಅಂಗ ಇವುಗಳಲ್ಲಿ ಎರಡು ಜೊತೆಯಿರುತ್ತದೆ. ರಕ್ತಕ್ಕೆ ಸಮನಾದ ದ್ರವದಲ್ಲಿ ಆಮ್ಲಜನಕವನ್ನು ಹೊರುವ ವಸ್ತು ಕಬ್ಬಿಣದ ಬದಲು ತಾಮ್ರವನ್ನು ಆಶ್ರಯಿಸಿರುವುದರಿಂದ ಆ ದ್ರವ ನಸುನೀಲಿಯಾಗಿ ಕಾಣುತ್ತದೆ. ಸಾಕುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಈ ಜೇಡ ಕಾಲನ್ನು ಮಡಚುವುದು ಸ್ನಾಯುವಿನಿಂದಾದರೂ ಮುಖ್ಯ ಕೀಲುಗಳಲ್ಲಿ ಅದನ್ನು ಚಾಚುವುದು ಆ ದ್ರವದ ಒತ್ತಡದಿಂದ. ಆದುದರಿಂದಲೇ ನೀರು ಬತ್ತಿ ಒತ್ತಡ ಕುಸಿದ ಅಥವಾ ಸಾಯುತ್ತಿರುವ ಜೇಡದ ಕಾಲುಗಳೆಲ್ಲ ಹೊಟ್ಟೆಯ ಕೆಳಕ್ಕೆ ಮುದುಡಿಕೊಳ್ಳುತ್ತವೆ; ಆದುದರಿಂದಲೇ ಒಂದೆರಡು ಅಡಿ ಎತ್ತರದಿಂದ ಬಿದ್ದರೂ ತೆಳುಚರ್ಮದ ಹಿಂಭಾಗ ಒಡೆದು, ದ್ರವ ಸೋರಿ, ಜೀವಕ್ಕೇ ಕುತ್ತು ಬರುತ್ತದೆ.

ಇವುಗಳ ಬದುಕನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಾನುಗಟ್ಟಲೆ ಗಮನಿಸಿದವರಲ್ಲಿ ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞ ವಿಲಿಯಂ ಬಾರ್ಗ್ ಪ್ರಮುಖರು. ಜೇಡದ ಕಡಿತವನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡ ಅವರು, ಅಮೆರಿಕದ ಬಹುತೇಕ ಟರಂಟುಲಾಗಳು ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಲ್ಲವೆಂದು ತೋರಿಸಿ, ದೀರ್ಘಕಾಲದ ಅವಲೋಕನವನ್ನು 1958ರಲ್ಲಿ ಒಂದು ಪುಸ್ತಕವಾಗಿ ಹೊರತಂದರು. ವಿದ್ವಾಂಸರ ಪ್ರಯೋಗಶಾಲೆಯಿಂದ ಸಾಮಾನ್ಯರ ಕೋಣೆಗೆ ಈ ಜೀವಿ ಇಳಿದುಬಂದ ಕಾಲ ಸುಮಾರು 1970 ಮತ್ತು 80ರ ದಶಕಗಳದು. ಬ್ರಿಟನ್ನಿನ ಟರಂಟುಲಾ ಸಂಘ ಹುಟ್ಟಿದ್ದು ಆಗಲೇ, ಷುಲ್ಟ್ಸ್ ದಂಪತಿಗಳ ಸಾಕಣೆಯ ಕೈಪಿಡಿ ಹವ್ಯಾಸಿಗಳ ಕೈಸೇರಿದ್ದೂ ಆ ಬಳಿಕವೇ. ಇಂದು ಜರ್ಮನಿಯ ಹಾಮ್ ಪಟ್ಟಣದಲ್ಲಿ ವರ್ಷಕ್ಕೆ ಹಲವು ಬಾರಿ ನೆರೆಯುವ ಟೆರಾರಿಸ್ಟಿಕಾ ಎಂಬ ಸಂತೆಗೆ ಹಾವು, ಹಲ್ಲಿ, ಕಪ್ಪೆಗಳೊಂದಿಗೆ ಇವುಗಳ ಮರಿಗಳೂ ಪುಟ್ಟ ಡಬ್ಬಿಗಳಲ್ಲಿ ಸಾಲುಸಾಲಾಗಿ ಬರುತ್ತವೆ.

ಸಾಕಣೆಯ ಕ್ರಮವನ್ನು ವಿವರಿಸಲು ಮೆಕ್ಸಿಕೋದ ಕೆಂಪುಮೊಣಕಾಲಿನ ಟರಂಟುಲಾವನ್ನು ಆಯ್ದುಕೊಳ್ಳುವುದು ಸೂಕ್ತ. ಕಪ್ಪು ಮೈಯ, ಮೊಣಕಾಲುಗಳಲ್ಲಿ ಕೆಂಡದ ಬಣ್ಣದ ಪಟ್ಟಿಯಿರುವ ಈ ಜೇಡ ಆ ದೇಶದ ಪಶ್ಚಿಮ ತೀರದ ಒಣಕಾಡುಗಳಲ್ಲಿ ಬಿಲ ತೋಡಿಕೊಂಡು ಬಾಳುತ್ತದೆ. ಅಂದ, ಸಾಧುತನ, ದೀರ್ಘಾಯಸ್ಸು ಮೂರೂ ಕೂಡಿದ್ದರಿಂದ ಅದನ್ನು ಕಾಡಿನಿಂದ ಅಗೆದು ತಂದು ಮಾರುವ ವ್ಯಾಪಾರ ಬೆಳೆಯಿತು. 1985ರಲ್ಲಿ ಅದು ಸೈಟಿಸ್‌ನ, ಅಂದರೆ ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ, ಎರಡನೆಯ ಅನುಬಂಧಕ್ಕೆ ಸೇರಿತು. ಒಪ್ಪಂದ ಬಂದ ಮೇಲೆ ಕಾಡಿನ ಜೇಡ ದುರ್ಲಭವಾಗಿ, ಪೆಟ್ಟಿಗೆಯಲ್ಲಿ ಮರಿ ಮಾಡಿಸುವ ವಿದ್ಯೆಗೆ ಬೆಲೆ ಬಂತು. ಇದರೊಳಗೊಂದು ತಮಾಷೆಯೂ ಸೇರಿಕೊಂಡಿದೆ: ದಶಕಗಳ ಕಾಲ ಬ್ರಾಕಿಪೆಲ್ಮಾ ಸ್ಮಿತಿ ಎಂಬ ಹೆಸರಿನಲ್ಲಿ ಮಾರಾಟವಾದ ಜೇಡಗಳಲ್ಲಿ ಬಹುಪಾಲು ಅದಕ್ಕೆ ತೀರ ಹತ್ತಿರದ ಬ್ರಾಕಿಪೆಲ್ಮಾ ಹಮೋರಿ ಎಂಬ ಇನ್ನೊಂದು ಜಾತಿಯವೆಂದು 2017ರ ಪರಿಷ್ಕರಣೆ ಸ್ಪಷ್ಟಪಡಿಸಿತು. ಸಾಕಿದವರು ತಮ್ಮ ಡಬ್ಬಿಗಳ ಚೀಟಿಗಳನ್ನೆಲ್ಲ ತಿದ್ದಬೇಕಾಯಿತು; ಎರಡು ಜಾತಿಗಳನ್ನು ತಿಳಿಯದೆ ಕೂಡಿಸಿದ್ದರೆ ಎಂಬ ಅಳುಕು ಮಾತ್ರ ಚೀಟಿ ತಿದ್ದಿದ ಮಾತ್ರಕ್ಕೆ ಹೋಗುವಂಥದಲ್ಲ.

ಬೆಳೆದ ಜೇಡಕ್ಕೆ ಬೇಕಾದ ಮನೆ ಬಹಳ ಸರಳ. ಗಾಜಿನ ಅಥವಾ ಅಕ್ರಿಲಿಕ್ಕಿನ ಒಂದು ಪೆಟ್ಟಿಗೆ, ಅದರಲ್ಲಿ ಆಳವಾಗಿ ತುಂಬಿದ ಪುಡಿಮಣ್ಣು, ಅಡಗಲು ಒಂದು ತುಂಡು ಮರದ ತೊಗಟೆ, ನೀರಿನ ಚಿಕ್ಕ ತಟ್ಟೆ ಇಷ್ಟೇ. ಮಣ್ಣಿನ ಬದಲು ಹೆಚ್ಚಿನವರು ಬಳಸುವುದು ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು. ಭಾರತ ಮತ್ತು ಶ್ರೀಲಂಕಾಗಳು ಇಟ್ಟಿಗೆಯಂತೆ ಒತ್ತಿ ಹೊರದೇಶಗಳಿಗೆ ಕಳಿಸುವ ಈ ಕೋಕೋಪೀಟನ್ನು ನೀರಿನಲ್ಲಿ ನೆನೆಸಿದರೆ ಹಲವು ಪಟ್ಟು ಉಬ್ಬುತ್ತದೆ. ತೆಂಗು ಬೆಳೆಯುವ ನಾಡಿನಲ್ಲಿ ಒಂದು ಕಾಲಕ್ಕೆ ತಿಪ್ಪೆಗೆ ಹೋಗುತ್ತಿದ್ದ ಪುಡಿಯ ಮೇಲೆ ಬರ್ಲಿನ್ನಿನ ಕೋಣೆಯೊಂದರಲ್ಲಿ ಮೆಕ್ಸಿಕೋದ ಜೇಡ ಕೂತಿರುವುದು ಸಾಧ್ಯ. ಪೆಟ್ಟಿಗೆ ಎತ್ತರವಾಗಿದ್ದಷ್ಟೂ ಜೇಡಕ್ಕೆ ಸುಖವೆಂಬ ಹೊಸಬರ ಎಣಿಕೆ ತಪ್ಪು. ನೆಲವಾಸಿ ಜೇಡ ಗಾಜನ್ನು ಹತ್ತಿ ಬೀಳುವ ಸಂಭವವಿರುವುದರಿಂದ ಮಣ್ಣಿಗೂ ಮುಚ್ಚಳಕ್ಕೂ ನಡುವಣ ಅಂತರ ಜೇಡದ ಕಾಲಗಲಕ್ಕಿಂತ, ಅಂದರೆ ಚಾಚಿದ ಮುಂಗಾಲಿನ ತುದಿಯಿಂದ ಎದುರು ಬದಿಯ ಹಿಂಗಾಲಿನ ತುದಿಯವರೆಗಿನ ಅಳತೆಗಿಂತ, ಹೆಚ್ಚು ದೊಡ್ಡದಾಗದಂತೆ ಮಣ್ಣನ್ನು ತುಂಬುತ್ತಾರೆ. ತಂತಿಜಾಲರಿಯ ಮುಚ್ಚಳದಲ್ಲಿ ಪಾದದ ಉಗುರು ಸಿಕ್ಕಿ ಕಾಲೇ ಕಿತ್ತುಬರುವುದುಂಟಾದ್ದರಿಂದ ಅಕ್ರಿಲಿಕ್ಕಿಗೆ ಕೊರೆದ ಸಣ್ಣ ರಂಧ್ರಗಳೇ ಮೇಲು. ಮರವಾಸಿ ಜಾತಿಗಳಿಗೆ ಎತ್ತರದ ಪೆಟ್ಟಿಗೆಯೂ ನಿಲ್ಲಿಸಿದ ತೊಗಟೆಯೂ ಬೇಕು.

ಇನ್ನು ದಿನಚರಿಯೆಂದರೆ ದಿನಚರಿಯೇ ಇಲ್ಲವೆನ್ನುವಷ್ಟು ಕಡಿಮೆ. ಬೆಳೆದ ಜೇಡಕ್ಕೆ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಒಂದು ಜಿರಲೆಯೋ ಚಿಮ್ಮಂಡೆಯೋ ಸಾಕು. ಆಹಾರಕ್ಕಾಗಿಯೇ ಸಾಕುವ, ಗಾಜನ್ನು ಹತ್ತಲಾರದ ದುಬಿಯಾ ಎಂಬ ದಕ್ಷಿಣ ಅಮೆರಿಕದ ಜಿರಲೆ ಈ ಕೆಲಸಕ್ಕೆ ಹೆಸರುವಾಸಿ. ತಿಂದು ಮುಗಿದ ಮೇಲೆ ಉಳಿಯುವ ಉಂಡೆಯನ್ನು ಉದ್ದನೆಯ ಚಿಮಟದಿಂದ ತೆಗೆಯಬೇಕು, ತಟ್ಟೆಗೆ ನೀರು ತುಂಬಬೇಕು, ಚಳಿದೇಶಗಳಲ್ಲಿ ಕೋಣೆಯ ಉಷ್ಣತೆ ಬಹಳ ಇಳಿಯದಂತೆ ನೋಡಿಕೊಳ್ಳಬೇಕು. ಹಳೆಯ ಕೈಪಿಡಿಗಳು ಹೇಳುತ್ತಿದ್ದ ಬಿಸಿದೀಪವೂ ನೀರಿನ ತಟ್ಟೆಯೊಳಗಿನ ಸ್ಪಂಜೂ ಈಗ ಅನುಭವಿಗಳ ಮನೆಯಿಂದ ಕಾಣೆಯಾಗಿವೆ. ದೀಪ ಜೇಡವನ್ನು ಒಣಗಿಸುತ್ತದೆ, ಸ್ಪಂಜು ಕೊಳೆಯುತ್ತದೆ. ಜೇಡ ತನ್ನನ್ನು ಗುರುತಿಸುತ್ತದೆಂದು, ತನ್ನ ಕೈಮೇಲೆ ಬರಲು ಹಂಬಲಿಸುತ್ತದೆಂದು ನಂಬುವವರು ಇಲ್ಲದಿಲ್ಲ. ಎಂಟು ಕಣ್ಣುಗಳಿದ್ದರೂ ಬೆಳಕು ಕತ್ತಲೆಗಳಾಚೆ ಹೆಚ್ಚೇನನ್ನೂ ಕಾಣದ ಈ ಜೀವಿಗೆ ಮನುಷ್ಯನ ಕೈ ಬೆಚ್ಚಗಿನ ಒಂದು ನೆಲ ಮಾತ್ರ. ನಾಯಿಗೆ ಒಡೆಯ ಬೇಕು, ಬೆಕ್ಕಿಗೆ ಮನೆ ಬೇಕು. ಟರಂಟುಲಾಕ್ಕೆ ಯಾರೂ ಬೇಡ ಎಂಬುದನ್ನು ಒಪ್ಪಿಕೊಂಡವರೇ ಅದನ್ನು ಬಹುಕಾಲ ಬದುಕಿಸುತ್ತಾರೆ.

ಒಪ್ಪಿಕೊಳ್ಳದವರನ್ನು ಮೊದಲು ಪರೀಕ್ಷಿಸುವುದು ಉಪವಾಸ. ವಾರವಾರವೂ ಚೆನ್ನಾಗಿ ತಿನ್ನುತ್ತಿದ್ದ ಜೇಡ ಒಂದು ದಿನ ಜಿರಲೆಯತ್ತ ತಿರುಗಿಯೂ ನೋಡುವುದಿಲ್ಲ. ಆ ನಿರಾಕರಣೆ ಮರಿಗಳಲ್ಲಿ ಕೆಲವು ದಿನ, ಬೆಳೆದವುಗಳಲ್ಲಿ ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಬಿಲದ ಬಾಯಿಗೆ ಮಣ್ಣು ನೂಲುಗಳ ಕದ ಬೀಳುತ್ತದೆ. ರೋಮ ಉದುರಿ ಬೋಳಾದ ಹೊಟ್ಟೆಯ ಭಾಗವಿದ್ದರೆ ಅದು ದಿನೇ ದಿನೇ ಕಪ್ಪಾಗಿ ಹೊಳೆಯತೊಡಗುತ್ತದೆ. ಹಳೆಯ ಚರ್ಮದಡಿ ಹೊಸ ರೋಮಗಳು ಸಿದ್ಧವಾಗುತ್ತಿರುವುದರ ಬಣ್ಣ ಅದು. ಜೇಡ ಪೊರೆ ಬಿಡಲು ಅಣಿಯಾಗುತ್ತಿದೆಯೆಂದು ಬಲ್ಲವರು ನೀರಿನ ತಟ್ಟೆಯನ್ನು ತುಂಬಿಟ್ಟು, ಪೆಟ್ಟಿಗೆಯಲ್ಲಿ ಉಳಿದ ಕೀಟಗಳನ್ನು ತೆಗೆದು, ಸುಮ್ಮನಾಗುತ್ತಾರೆ.

ಪೊರೆ ಬಿಡುವ ಹೊತ್ತಿಗೆ ಜೇಡ ನೂಲಿನ ಒಂದು ಚಾಪೆಯನ್ನು ಹಾಸಿ, ಅದರ ಮೇಲೆ ಅಂಗಾತನೆ ಮಲಗುತ್ತದೆ. ಎಂಟೂ ಕಾಲುಗಳನ್ನು ಮೇಲೆತ್ತಿ ಮಲಗಿದ ಜೇಡವನ್ನು ಸತ್ತಿತೆಂದು ತಿಳಿದು ಕಸದ ಬುಟ್ಟಿಗೆ ಹಾಕಿದ ಹೊಸಬರ ಪ್ರಸಂಗಗಳು ಈ ಹವ್ಯಾಸದವರ ನಡುವೆ ಸದಾ ಹರಿದಾಡುತ್ತವೆ. ಆದರೆ ಸಾಯುವ ಜೇಡ ಸಾಮಾನ್ಯವಾಗಿ ಅಂಗಾತ ಮಲಗುವುದಿಲ್ಲ, ನಿಂತಲ್ಲೇ ಕಾಲು ಮುದುಡಿಕೊಂಡು ಕುಗ್ಗುತ್ತದೆ ಎಂಬ ಒಂದೇ ತಿಳಿವು ಎಷ್ಟೋ ಜೇಡಗಳನ್ನು ಉಳಿಸಿದೆ. ಒಳಗಿನ ದ್ರವದ ಒತ್ತಡದಿಂದ ಎದೆಯ ಮೇಲಣ ಚಿಪ್ಪು ಡಬ್ಬಿಯ ಮುಚ್ಚಳದಂತೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಗಂಟೆಗಳ ಕಾಲ, ಬೆರಳಿಗೆ ಬಿಗಿಯಾದ ಕೈಗವಸನ್ನು ಕಳಚುವಂತೆ, ಒಂದೊಂದೇ ಕಾಲನ್ನು ಹಳೆಯ ಒರೆಯಿಂದ ಎಳೆದುಕೊಳ್ಳುತ್ತದೆ. ಕಳಚುವುದು ಹೊರಚರ್ಮವಷ್ಟೇ ಆಗಿರದೆ, ವಿಷಹಲ್ಲಿನ ಕವಚ, ಪುಸ್ತಕ ಶ್ವಾಸಕೋಶದ ಒಳಪದರ, ಹೀರುವ ಜಠರದ ಒಳಪದರ ಎಲ್ಲವೂ ಅದರೊಡನೆ ಹೊರಬರುತ್ತವೆ. ಹಿಂದೆ ಮುರಿದುಹೋಗಿದ್ದ ಕಾಲು ಈ ಸಮಯದಲ್ಲಿ ಸಣ್ಣದಾಗಿ ಮತ್ತೆ ಮೂಡಬಹುದು. ಹೊಸ ವಿಷಹಲ್ಲುಗಳು ಮೊದಲಿಗೆ ಬಿಳಿಯಾಗಿ, ಮೆತ್ತಗಿದ್ದು, ಕೆಂಪಾಗಿ, ಬಳಿಕ ಕಪ್ಪಾಗುವ ತನಕ ಜೇಡಕ್ಕೆ ಏನನ್ನೂ ಚುಚ್ಚಲಾಗದು. ಆ ಹೊತ್ತಿನಲ್ಲಿ ಪೆಟ್ಟಿಗೆಯೊಳಗೆ ಒಂದು ಚಿಮ್ಮಂಡೆ ಉಳಿದಿದ್ದರೆ ಬೇಟೆಯೇ ಬೇಟೆಗಾರನನ್ನು ಕಡಿಯಬಹುದು. ಬೆಳೆದ ಜೇಡಕ್ಕೆ ಮತ್ತೆ ಆಹಾರ ಕೊಡುವ ಮುನ್ನ ಒಂದೆರಡು ವಾರ ಕಾಯುವುದು ಇದಕ್ಕಾಗಿ. ಮರಿ ವರ್ಷಕ್ಕೆ ಹಲವು ಸಲ, ಬೆಳೆದ ಹೆಣ್ಣು ವರ್ಷಕ್ಕೊಮ್ಮೆಯೋ ಅದಕ್ಕಿಂತ ಅಪರೂಪವಾಗಿಯೋ ಹೀಗೆ ಪೊರೆ ಬಿಡುವುದರಿಂದ, ಸಾಕುವವರು ವಯಸ್ಸನ್ನು ಎಣಿಸುವುದು ವರ್ಷಗಳಲ್ಲಿ ಅಲ್ಲ, ಪೊರೆಗಳಲ್ಲಿ.

ಅಪಾಯದ ವಿಚಾರದಲ್ಲಿ ಭೂಮಿಯ ಎರಡು ಅರ್ಧಗಳ ಟರಂಟುಲಾಗಳು ಎರಡು ಬಗೆ. ಅಮೆರಿಕ ಖಂಡಗಳ ಬಹುಪಾಲು ಜಾತಿಗಳ ಹಿಂಭಾಗದಲ್ಲಿ ಮುಳ್ಳಿನಂಥ ಸೂಕ್ಷ್ಮ ತುರಿಕೆರೋಮಗಳಿದ್ದು, ಬೆದರಿದಾಗ ಅವನ್ನು ಹಿಂಗಾಲಿನಿಂದ ಕೆರೆದು ಗಾಳಿಗೆ ತೂರುತ್ತವೆ. ಚರ್ಮಕ್ಕೆ ತಾಗಿದರೆ ದಿನಗಟ್ಟಲೆ ನವೆ, ಕಣ್ಣಿಗೆ ಹೊಕ್ಕರೆ ಇನ್ನೂ ಕೇಡು. ಬ್ರಿಟನ್ನಿನ ಒಬ್ಬ ಸಾಕಣೆಗಾರ ಪೆಟ್ಟಿಗೆಯ ಗಾಜಿನ ಕಲೆಯನ್ನು ಒರೆಸುತ್ತ ಬಗ್ಗಿದ್ದಾಗ ಅವನ ಚಿಲಿ ದೇಶದ ಜೇಡ ರೋಮ ತೂರಿದ್ದೂ, ವಾರಗಳ ಬಳಿಕ ವೈದ್ಯರು ಅವನ ಕಣ್ಣಿನ ಪಾರಪಟಲದಲ್ಲಿ ಆ ರೋಮಗಳನ್ನು ಕಂಡದ್ದೂ 2010ರ ಆರಂಭದಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿವೆ. ಏಷ್ಯಾ ಆಫ್ರಿಕಾಗಳ ಜಾತಿಗಳಿಗೆ ಈ ರೋಮವಿಲ್ಲ. ಅವುಗಳ ರಕ್ಷಣೆ ವೇಗದಲ್ಲಿ ಮತ್ತು ವಿಷದಲ್ಲಿದೆ. ಭಾರತ ಶ್ರೀಲಂಕಾಗಳ ಮರವಾಸಿ ಜಾತಿಗಳ ಕಡಿತದಿಂದ ಮಾಂಸಖಂಡಗಳು ಹಿಡಿದುಕೊಂಡು ದಿನಗಳ ಕಾಲ ನರಳಿದವರ ವೈದ್ಯಕೀಯ ದಾಖಲೆಗಳಿವೆಯಾದರೂ ಪ್ರಾಣಹಾನಿ ಖಚಿತವಾದ ನಿದರ್ಶನವಿಲ್ಲ. ಜೇಡದ ಕಡೆಯಿಂದ ನೋಡಿದರೆ ಲೆಕ್ಕ ಬೇರೆ: ಪೆಟ್ಟಿಗೆಯ ಜೇಡಗಳ ಬಾಯಿಯ ಸುತ್ತ ಬಿಳಿಯ ಮುದ್ದೆಯಂತೆ ಕಾಣಿಸಿಕೊಂಡು, ವಿಷಹಲ್ಲುಗಳ ಚಲನೆಯನ್ನು ನಿಲ್ಲಿಸಿ, ಹಸಿವಿನಿಂದಲೇ ಕೊಲ್ಲುವ ಒಂದು ಸೂಕ್ಷ್ಮ ದುಂಡುಹುಳುವನ್ನು ಕ್ಯಾಲಿಫೋರ್ನಿಯದ ವಿಜ್ಞಾನಿಗಳು 2022ರಲ್ಲಿ ವರ್ಣಿಸಿ, ಜೇಡಭಯದ ಚಲನಚಿತ್ರವೊಂದರ ನಾಯಕನಟ ಜೆಫ್ ಡೇನಿಯಲ್ಸ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಅದಕ್ಕೆ ಮದ್ದಿನ್ನೂ ಇಲ್ಲ.

ಮರಿ ಮಾಡಿಸುವ ಕೆಲಸ ಆರಂಭವಾಗುವುದು ಗಂಡು ಹೆಣ್ಣುಗಳನ್ನು ಗುರುತಿಸುವುದರಿಂದ; ಅದಕ್ಕೆ ಸಾಧನ, ಬಿಟ್ಟ ಪೊರೆ. ಒಣಗಿದ ಪೊರೆಯನ್ನು ನೀರಿನಲ್ಲಿ ಮೆತ್ತಗೆ ಮಾಡಿ ಬಿಡಿಸಿ, ಮೊದಲ ಜೊತೆ ಪುಸ್ತಕ ಶ್ವಾಸಕೋಶಗಳ ನಡುವಿನ ಅಡ್ಡಸೀಳಿನ ಒಳಬದಿಯನ್ನು ಮಸೂರದಡಿ ನೋಡಿದರೆ, ಹೆಣ್ಣಾಗಿದ್ದರೆ ಅಲ್ಲಿ ವೀರ್ಯವನ್ನು ಕೂಡಿಡುವ ಪುಟ್ಟ ಚೀಲ ಅಥವಾ ಮಡಿಕೆ ಕಾಣುತ್ತದೆ. ಗಂಡು ಕೊನೆಯ ಪೊರೆ ಬಿಟ್ಟ ಮೇಲೆ ಮಸೂರವೇ ಬೇಡ. ಬಾಯಿಯ ಪಕ್ಕದ ಕಾಲಿನಂಥ ಎರಡು ಸ್ಪರ್ಶಾಂಗಗಳ ತುದಿ ಗುಂಡಗಾಗುತ್ತದೆ, ಬಹುಪಾಲು ಜಾತಿಗಳಲ್ಲಿ ಮುಂಗಾಲುಗಳ ಒಳಬದಿಗೆ ಕೊಕ್ಕೆಗಳು ಮೂಡುತ್ತವೆ. ಕೆಂಪುಮೊಣಕಾಲಿನ ಹೆಣ್ಣು ಇಪ್ಪತ್ತು ವರ್ಷ ದಾಟಿ ಬಾಳುವುದು ಅಪರೂಪವಲ್ಲ, ಆದರೆ ಅದೇ ಮೊಟ್ಟೆಚೀಲದಿಂದ ಬಂದ ಗಂಡು ಅಕ್ಕತಂಗಿಯರಿಗಿಂತ ವರ್ಷಗಳಷ್ಟು ಮೊದಲೇ ಪ್ರಾಯಕ್ಕೆ ಬಂದು, ಆ ಕೊನೆಯ ಪೊರೆಯಾದ ಬಳಿಕ ಹೆಚ್ಚೆಂದರೆ ಒಂದೆರಡು ವರ್ಷದಲ್ಲಿ ಸವೆದು ಸಾಯುತ್ತದೆ. ಒಂದೇ ಬಸಿರಿನವು ತಮ್ಮತಮ್ಮಲ್ಲಿ ಕೂಡದಂತೆ ಕಾಡಿನಲ್ಲಿ ಈ ವ್ಯತ್ಯಾಸ ತಡೆಯೊಡ್ಡುತ್ತದೆ. ಕೋಣೆಯಲ್ಲಾದರೋ ಅದರಿಂದಾಗುವ ಪರಿಣಾಮವೆಂದರೆ, ಹೆಣ್ಣಿರುವವನ ಬಳಿ ಹೊತ್ತಿಗೆ ಸರಿಯಾಗಿ ಗಂಡಿರುವುದಿಲ್ಲ, ಗಂಡು ಪ್ರಾಯಕ್ಕೆ ಬಂದವನ ಬಳಿ ಬೆಳೆದ ಹೆಣ್ಣಿರುವುದಿಲ್ಲ.

ಹೀಗಾಗಿ ಹುಟ್ಟಿಕೊಂಡ ಪದ್ಧತಿಗೆ ಹೋರಿಯನ್ನು ಪಾಲಿಗೆ ಕೊಟ್ಟಂಥ ಸ್ವಾರಸ್ಯವಿದೆ. ಗಂಡಿನ ಒಡೆಯ ಅದನ್ನು ದೂರದೂರಿನ ಹೆಣ್ಣಿನ ಒಡೆಯನಿಗೆ ಎರವಲು ಕಳಿಸುತ್ತಾನೆ. ಮರಿಗಳಾದರೆ ಸಾಮಾನ್ಯವಾಗಿ ಅರ್ಧ ಇವನಿಗೆ ಅರ್ಧ ಅವನಿಗೆ, ಗಂಡನ್ನು ಹೆಣ್ಣು ತಿಂದುಹಾಕಿದರೆ ದೂರಿಲ್ಲ. ಕಾಗದಪತ್ರವಿಲ್ಲದ ಈ ಒಡಂಬಡಿಕೆ ನಡೆಯುವುದು ಮಾತಿನ ಮೇಲೆ. ತನ್ನ ಜಾತಿಯ ಇನ್ನೊಂದನ್ನು ಕಂಡರೆ ಸಹಿಸದ ಪ್ರಾಣಿ ತನ್ನನ್ನು ಸಾಕುವವರನ್ನು ಹೀಗೆ ಪರಸ್ಪರ ಹಂಗಿಗೆ ಒಳಪಡಿಸಿದೆ. ಒಂಟಿ ಕೋಣೆಯ ಹವ್ಯಾಸವಾಗಿ ತೋರುವ ಇದು ಸಂಘ ಸಂತೆಗಳಿಲ್ಲದೆ ಒಂದು ತಲೆಮಾರನ್ನೂ ದಾಟಲಾರದು.

ಕೂಡಿಕೆಯ ಮುನ್ನ ಗಂಡು ನೂಲಿನ ಸಣ್ಣ ಹಾಸೊಂದನ್ನು ನೇಯ್ದು, ಅದರ ಮೇಲೆ ವೀರ್ಯದ ಹನಿಯನ್ನು ಇಳಿಸಿ, ಸ್ಪರ್ಶಾಂಗಗಳ ಗುಂಡುತುದಿಗೆ ಅದನ್ನು ಹೀರಿಕೊಳ್ಳುತ್ತದೆ. ಹರಿದ ಆ ಹಾಸು ಪೆಟ್ಟಿಗೆಯಲ್ಲಿ ಕಂಡರೆ ಗಂಡು ಸಿದ್ಧವೆಂದು ಅರ್ಥ. ಹೆಣ್ಣು ಇತ್ತೀಚೆಗೆ ಪೊರೆ ಬಿಟ್ಟು ಚೆನ್ನಾಗಿ ಉಂಡಿರಬೇಕು. ಕಾರಣವಿಷ್ಟೆ: ವೀರ್ಯದ ಚೀಲದ ಒಳಪದರವೂ ಪೊರೆಯೊಡನೆ ಕಳಚಿಹೋಗುವುದರಿಂದ, ಕೂಡಿದ ಮೇಲೆ ಮೊಟ್ಟೆಯಿಡುವ ಮೊದಲೇ ಹೆಣ್ಣು ಪೊರೆ ಬಿಟ್ಟರೆ ಶ್ರಮವೆಲ್ಲ ನೀರಪಾಲು. ಹೆಣ್ಣಿನ ಪೆಟ್ಟಿಗೆಗೆ ಬಿಟ್ಟ ಗಂಡು ಕಾಲುಗಳಿಂದ ನೆಲವನ್ನು ತಟ್ಟುತ್ತದೆ, ಮೈಯನ್ನು ನಡುಗಿಸುತ್ತದೆ. ಒಲಿದ ಹೆಣ್ಣು ಬಿಲದೊಳಗಿಂದ ಅದೇ ತಾಳದಲ್ಲಿ ಉತ್ತರ ಕೊಡುವುದುಂಟು. ಎದುರಾದಾಗ ಗಂಡು ಮುಂಗಾಲಿನ ಕೊಕ್ಕೆಗಳಿಂದ ಹೆಣ್ಣಿನ ವಿಷಹಲ್ಲುಗಳನ್ನು ತಡೆಹಿಡಿದು, ಅವಳನ್ನು ಮೇಲೆತ್ತಿ, ಕೆಳಗಿನಿಂದ ಸ್ಪರ್ಶಾಂಗವನ್ನು ಸೇರಿಸಿ, ಮುಗಿದೊಡನೆ ಹಿಂದಕ್ಕೆ ಜಿಗಿದು ಓಡುತ್ತದೆ. ಈ ಕೆಲವೇ ನಿಮಿಷಗಳಲ್ಲಿ ಒಡೆಯ ಉದ್ದನೆಯ ಬ್ರಷ್ಷನ್ನೋ ಚಿಮಟವನ್ನೋ ಹಿಡಿದು, ಇಬ್ಬರ ನಡುವೆ ತೂರಿಸಲು ಸನ್ನದ್ಧನಾಗಿ ಬಗ್ಗಿರುತ್ತಾನೆ.

ತಿಂಗಳುಗಳು ಕಳೆದು, ಉಬ್ಬಿದ ಹೆಣ್ಣು ಬಿಲವನ್ನು ಮುಚ್ಚಿಕೊಂಡು ನೂಲಿನ ಹಾಸಿನ ಮೇಲೆ ನೂರಾರು ಮೊಟ್ಟೆಗಳನ್ನಿಟ್ಟು, ಅಂಚುಗಳನ್ನು ಮೇಲಕ್ಕೆ ಮಡಚಿ, ಚೆಂಡಿನಂಥ ಚೀಲವಾಗಿ ಸುತ್ತುತ್ತಾಳೆ. ಕೆಳಗಿನ ಮೊಟ್ಟೆಗಳು ಮೇಲಿನವುಗಳ ಭಾರಕ್ಕೆ ಜಜ್ಜಿಹೋಗದಂತೆ ಅದನ್ನು ಆಗಾಗ ಹೊರಳಿಸುತ್ತಾಳೆ. ಮೊಟ್ಟೆಯಿಟ್ಟ ಹೆಣ್ಣು ಬೆದರಿದರೆ ಚೀಲವನ್ನೇ ತಿಂದುಬಿಡುತ್ತಾಳಾದ್ದರಿಂದ, ಪೆಟ್ಟಿಗೆಯಿರುವ ಕೋಣೆಯ ಬಾಗಿಲನ್ನು ಹಾಕುವಾಗಲೂ ಸದ್ದಾಗದಂತೆ ನೋಡಿಕೊಳ್ಳುವ ಮನೆಗಳಿವೆ. ಹಲವರು ಸುಮಾರು ನಾಲ್ಕು ವಾರಗಳ ಬಳಿಕ ತಾಯಿಯನ್ನು ಬಟ್ಟಲಿನಡಿ ಮರೆಮಾಡಿ ಚೀಲವನ್ನು ಚಿಮಟದಿಂದ ಎತ್ತಿಕೊಂಡು, ಒದ್ದೆ ಹತ್ತಿಯ ಮೇಲೆ ತೊಟ್ಟಿಲಿನಂತೆ ಕಟ್ಟಿದ ಬಟ್ಟೆಯಲ್ಲಿಟ್ಟು, ತಾಯಿ ಮಾಡುವ ಹೊರಳಿಸುವ ಕೆಲಸವನ್ನು ತಾವೇ ದಿನಕ್ಕೆ ಹಲವು ಬಾರಿ ಮಾಡುತ್ತಾರೆ. ಕತ್ತರಿಸಿ ನೋಡಿದರೆ ಒಳಗೆ ಮೊದಲು ಕಾಣುವುದು ದುಂಡು ಮೊಟ್ಟೆಗೆ ಎಂಟು ಕಾಲು ಅಂಟಿಸಿದಂಥ, ಚಲಿಸಲೂ ತಿನ್ನಲೂ ಬಾರದ ಬಿಳಿ ರೂಪಗಳು. ಅವು ಇನ್ನೊಂದೆರಡು ಪೊರೆ ಕಳೆದ ಮೇಲೆ ಕಪ್ಪು ಬೆನ್ನಿನ, ಓಡಾಡುವ, ಹಸಿದ ಮರಿಗಳಾಗುತ್ತವೆ. ಆ ದಿನದಿಂದ ಅವಕ್ಕೆ ಒಡಹುಟ್ಟು ಎಂಬುದೂ ಊಟವೇ. ಆದುದರಿಂದ ನೂರಾರು ಮರಿಗಳನ್ನು ಒಂದೊಂದಾಗಿ ಬ್ರಷ್ಷಿನ ತುದಿಯಿಂದ ಬೇರೆಬೇರೆ ಡಬ್ಬಿಗೆ ಇಳಿಸಬೇಕು. ಒಂದು ಕಾಲಕ್ಕೆ ಕ್ಯಾಮೆರಾ ರೀಲಿನ ಪುಟ್ಟ ಡಬ್ಬಿಗಳು ಈ ಕೆಲಸಕ್ಕೆ ಬಹಳ ಒದಗಿದ್ದವು. ನಾಲ್ಕೈದು ಮಿಲಿಮೀಟರಿನ ಈ ಮರಿಗಳಿಗೆ, ಹವ್ಯಾಸಿಗಳ ಮಾತಿನಲ್ಲಿ ಸ್ಲಿಂಗ್‌ಗಳಿಗೆ, ಹಾರಲಾರದ ತಳಿಯ ಹಣ್ಣುನೊಣವನ್ನೋ ಕೊಂದ ಚಿಮ್ಮಂಡೆಯ ಒಂದು ಕಾಲನ್ನೋ ಕೊಡುತ್ತಾರೆ. ಹಸಿವಿಗಿಂತ ಒಣಗುವಿಕೆಯೇ ಇವುಗಳ ದೊಡ್ಡ ಶತ್ರು. ಡಬ್ಬಿಯ ಒಂದು ಮೂಲೆ ಸದಾ ತೇವವಾಗಿರಬೇಕು.

ಈ ಹವ್ಯಾಸದ ಬೇರಿನ ಎಳೆಯೊಂದು ದಕ್ಷಿಣ ಭಾರತಕ್ಕೂ ಬಂದು ಸೇರುತ್ತದೆ. ಪೊಯಿಸಿಲೊಥೀರಿಯಾ ಎಂಬ ಮರವಾಸಿ ಕುಲ ಭಾರತ ಮತ್ತು ಶ್ರೀಲಂಕಾಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಮರದ ಪೊಟರೆಗಳಲ್ಲಿ ಬಾಳುವ, ಬೂದು ಕಪ್ಪು ಬಿಳಿಗಳ ಚಿತ್ತಾರದ ಈ ಜೇಡಗಳಲ್ಲಿ ಒಂದನ್ನು ಪರದೇಶದ ಸಂತೆಗಳಲ್ಲಿ ಮೈಸೂರಿನ ಹೆಸರಿನಿಂದಲೇ ಕರೆಯುತ್ತಾರೆ. ಇನ್ನೊಂದು ಹೆಚ್ಚು ಪ್ರಸಿದ್ಧ. ಬಳ್ಳಾರಿಗೆ ನೇರ ಪೂರ್ವಕ್ಕಿರುವ ಗುತ್ತಿಯಲ್ಲಿ ಸಿಕ್ಕ ಒಂದೇ ಮಾದರಿಯನ್ನು ಆಧರಿಸಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ರೆಜಿನಾಲ್ಡ್ ಪೊಕಾಕ್ 1899ರಲ್ಲಿ ವರ್ಣಿಸಿದ, ಮೈಯೆಲ್ಲ ಕಡುನೀಲಿಯಾಗಿ ಮಿಂಚುವ ಪೊಯಿಸಿಲೊಥೀರಿಯಾ ಮೆಟಾಲಿಕಾ ಅದು. ಆ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ರೋಮಗಳ ಸೂಕ್ಷ್ಮ ರಚನೆಯಿಂದ ಬೆಳಕು ಚೆದುರಿ ಹುಟ್ಟುವಂಥದು. ನೂರು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಯಾರ ಕಣ್ಣಿಗೂ ಬೀಳದ ಅದು 2001ರಲ್ಲಿ ನಂದ್ಯಾಲ ಗಿದ್ದಲ್ಲೂರುಗಳ ನಡುವಣ ಕಾಡಿನಲ್ಲಿ ಪತ್ತೆಯಾಯಿತು, 2008ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಕಾಡಿನ ಮರ ಕಡಿದು ಪೊಟರೆಗಳು ಇಲ್ಲವಾಗುತ್ತಿದ್ದ ಅದೇ ವರ್ಷಗಳಲ್ಲಿ ಯುರೋಪು ಅಮೆರಿಕಗಳ ಕಪಾಟುಗಳಲ್ಲಿ ಅದರ ಮರಿಗಳು ಹೇರಳವಾದವು. ಮೊದಲ ಕೆಲವು ಜೇಡಗಳು ಕಾಡಿನಿಂದ ಅಲ್ಲಿಗೆ ತಲುಪಿದ ದಾರಿಯನ್ನು ಹವ್ಯಾಸಿಗಳು ಹೆಚ್ಚು ಚರ್ಚಿಸುವುದಿಲ್ಲ. ಕಪಾಟಿನ ಮರಿಗಳು ಕಾಡನ್ನು ಉಳಿಸುತ್ತವೆಂಬ ಅವರ ವಾದಕ್ಕೆ ಅರ್ಧ ಬೆಲೆ ಕೊಡಬಹುದು: ಅಗ್ಗದ ಮರಿ ಸಿಗುವಾಗ ಕಾಡಿನ ಜೇಡವನ್ನು ಕದಿಯುವವನ ಲಾಭ ಕುಗ್ಗುತ್ತದೆ ನಿಜ, ಆದರೆ ಮೂಲವೂ ಪೀಳಿಗೆಯೂ ತಿಳಿಯದ ಆ ಮರಿಗಳನ್ನು ಮರಳಿ ಕಾಡಿಗೆ ಬಿಡಲು ಯಾವ ಅರಣ್ಯಾಧಿಕಾರಿಯೂ ಒಪ್ಪಲಾರ.

ಈ ವ್ಯಾಪಾರದ ಮೇಲೆ ಕಾನೂನಿನ ಕಣ್ಣೂ ಬಿತ್ತು. 2010ರಲ್ಲಿ ಅಂಚೆಯ ಮೂಲಕ ಅಮೆರಿಕಕ್ಕೆ ನೂರಾರು ಜೀವಂತ ಟರಂಟುಲಾಗಳನ್ನು ಕಳ್ಳಸಾಗಣೆ ಮಾಡಿದ ಪರದೇಶಿ ವ್ಯಾಪಾರಿಯೊಬ್ಬನನ್ನು ಲಾಸ್ ಏಂಜಲೀಸಿನಲ್ಲಿ ಬಂಧಿಸಿದರು. 2019ರಲ್ಲಿ ಪೊಯಿಸಿಲೊಥೀರಿಯಾ ಕುಲವನ್ನು ಇಡಿಯಾಗಿ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿಸಿದರು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಬಂದ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳಿಗೂ ಅನ್ವಯಿಸುತ್ತದೆಯಾದ್ದರಿಂದ, ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ವರದಿ ಮಾಡಿ ನೋಂದಾಯಿಸಬೇಕೆಂದು 2024ರ ನಿಯಮಗಳು ವಿಧಿಸಿವೆ. ಘಟ್ಟದ ಮರದ ಪೊಟರೆಯಿಂದ ಜೇಡವೊಂದನ್ನು ಎಬ್ಬಿಸಿ ತಂದು ಸಾಕುವ ಮಾತಂತೂ ಏಳಲೇಬಾರದು.

ಮಾರಾಟವಾದ ಮರಿ ಹೊಸ ಮನೆಗೆ ಹೊರಡುವುದು ಬೆರಳಿನಷ್ಟು ಸಣ್ಣ ನಳಿಕೆಯಲ್ಲಿ, ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಕಾಗದದ ಸುರುಳಿಯೊಳಗೆ. ನಳಿಕೆಯ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಜಾತಿಯ ಹೆಸರು, ಮೊಟ್ಟೆಚೀಲದಿಂದ ಹೊರಬಂದ ದಿನಾಂಕ, ಇದುವರೆಗೆ ಬಿಟ್ಟ ಪೊರೆಗಳ ಸಂಖ್ಯೆ. ನೀಲಿ ಜೇಡದ ಮರಿಯಾದರೆ ಆ ಚೀಟಿಯಲ್ಲಿ, ಗುತ್ತಿ ಎಲ್ಲಿದೆಯೆಂದು ತಿಳಿಯದವರ ಕೈಬರಹದಲ್ಲಿ, ಗುತ್ತಿಯ ಹೆಸರೂ ಇರುತ್ತದೆ.